ಅಸಿಸ್ಟೆಂಟ್‌ಶಿಪ್ ಮೊದಲು, ವಿಶ್ವವಿದ್ಯಾಲಯ ಆಮೇಲೆ: ಅಮೆರಿಕದಲ್ಲಿ ಸ್ಟೂಡೆಂಟ್ ಅಫೇರ್ಸ್ ಓದಹೊರಟವರಿಗೆ

ಪದವಿಯ ಕೊನೆಯ ವರ್ಷದ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ

ಎಲ್ಲರಿಗೂ ನಮಸ್ಕಾರ. ಸ್ಟೂಡೆಂಟ್ ಅಫೇರ್ಸ್, ಅಂದರೆ ತರಗತಿಯ ಹೊರಗೆ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವ ವೃತ್ತಿ. ಈ ಓದು ಯಾವ ಕೆಲಸಕ್ಕೆ ತಯಾರು ಮಾಡುತ್ತದೆ ಎಂಬುದನ್ನು ಮೊದಲು ನೋಡಿಬಿಡೋಣ.

ಅಮೆರಿಕದ ಒಂದು ವಿಶ್ವವಿದ್ಯಾಲಯದ ಹಾಸ್ಟೆಲ್. ರಾತ್ರಿ 1.40. ಡ್ಯೂಟಿ ಫೋನ್ ಹೊಡೆದುಕೊಳ್ಳುತ್ತದೆ. ಆ ಕಡೆಯಿಂದ ಮೂರನೇ ಮಹಡಿಯ ಆರ್‌ಎ, ಅಂದರೆ ಮಹಡಿಯ ಉಸ್ತುವಾರಿ ವಹಿಸಿಕೊಂಡ ಹಿರಿಯ ವಿದ್ಯಾರ್ಥಿನಿ. ಬಾತ್‌ರೂಮಿನಲ್ಲಿ ಒಬ್ಬ ಹುಡುಗ ಬಿದ್ದಿದ್ದಾನೆ, ಕರೆದರೆ ಓಗೊಡುತ್ತಿಲ್ಲ. ಫೋನ್ ಎತ್ತಿದವರಿಗೆ ಹೆಚ್ಚೆಂದರೆ 24 ವಯಸ್ಸು. ಅವರೂ ಎಂ.ಎ. ಅಥವಾ ಎಂ.ಎಡ್. ಓದುತ್ತಿರುವ ವಿದ್ಯಾರ್ಥಿಯೇ. ತುರ್ತು ಸಹಾಯದ 911ಕ್ಕೆ ಕರೆ ಹೋಗಿದೆಯೇ ಎಂದು ಅವರು ಮೊದಲು ಕೇಳಬೇಕು. ಹೋಗಿಲ್ಲವಾದರೆ ಆರ್‌ಎ ಈಗಲೇ ಮಾಡಬೇಕು, ತಾವು ಬರುವ ತನಕ ಕಾಯಬಾರದು. ಹುಡುಗನನ್ನು ಮಗ್ಗುಲಾಗಿ ಹೊರಳಿಸಬೇಕು, ವಾಂತಿಯಾದರೆ ಉಸಿರು ಕಟ್ಟಬಾರದು. ಅವನನ್ನು ಒಂದು ಕ್ಷಣವೂ ಒಂಟಿಯಾಗಿ ಬಿಡಬಾರದು. ಒಬ್ಬರು ಕೆಳಗಿಳಿದು ಮುಂಬಾಗಿಲು ತೆರೆದು ಆಂಬುಲೆನ್ಸಿನವರಿಗೆ ದಾರಿ ತೋರಿಸಬೇಕು. ಸುತ್ತ ನೆರೆದವರನ್ನು ಮೆತ್ತಗೆ ರೂಮಿಗೆ ಕಳಿಸಬೇಕು. ಆಮೇಲೆ ತಮ್ಮ ಮೇಲಿನವರಿಗೆ ಫೋನ್ ಮಾಡಬೇಕು.

ಬೆಳಗಾಗುವುದರೊಳಗೆ ವರದಿ ಬರೆಯಬೇಕು. ಹೊಸಬರು ಎಡವುವುದು ಇಲ್ಲಿ. "ವಿದ್ಯಾರ್ಥಿ ವಿಪರೀತ ಕುಡಿದಿದ್ದ" ಎಂದು ಬರೆದರೆ ಅದು ತೀರ್ಪು. "1.46ಕ್ಕೆ ತಲುಪಿದೆ. ವಿದ್ಯಾರ್ಥಿ ಸಿಂಕಿನ ಕೆಳಗೆ ಎಡಮಗ್ಗುಲಾಗಿ ಮಲಗಿದ್ದ. ಹೆಸರು ಎರಡು ಸಲ ಕೇಳಿದೆ, ಉತ್ತರ ಬರಲಿಲ್ಲ. ಬಾಯಿಂದ ಮದ್ಯದ ವಾಸನೆ ಬರುತ್ತಿತ್ತು. 1.55ಕ್ಕೆ ಆಂಬುಲೆನ್ಸ್ ಬಂತು" ಎಂದು ಬರೆದರೆ ವರದಿ. ಅದೇ ಹಾಳೆಯನ್ನು ಮರುದಿನ ಶಿಸ್ತು ವಿಚಾರಣೆ ನಡೆಸುವವರು ಓದುತ್ತಾರೆ, ಮುಂದೊಂದು ದಿನ ವಕೀಲರೂ ಓದಬಹುದು. ವಿದ್ಯಾರ್ಥಿ ದಾಖಲೆಗಳ ಗೋಪ್ಯತೆಯ ಕುರಿತ 1974ರ ಫರ್ಪಾ ಕಾನೂನಿನ ಪ್ರಕಾರ ತನ್ನ ಶೈಕ್ಷಣಿಕ ದಾಖಲೆ ನೋಡುವ ಹಕ್ಕು ವಿದ್ಯಾರ್ಥಿಗಿದೆ, ಹಾಗಾಗಿ ಆ ಹುಡುಗನೇ ಒಂದು ದಿನ ಅದನ್ನು ಓದಬಹುದು. ಅವನು ಓದಿದಾಗಲೂ ನ್ಯಾಯವೆನಿಸುವ ಹಾಗೆ ಬರೆಯುವುದು ಕಲಿತು ಬರುವ ವಿದ್ಯೆ.

ಬೆಳಿಗ್ಗೆ ಅವನ ತಾಯಿ ಫೋನ್ ಮಾಡುತ್ತಾರೆ. ನಮ್ಮ ಕಡೆ ವಾರ್ಡನ್ ಎಲ್ಲವನ್ನೂ ಹೇಳಿಬಿಡುತ್ತಾರೆ, ಹೇಳದಿದ್ದರೆ ತಪ್ಪು. ಅಲ್ಲಿ ಕಾಲೇಜು ಸೇರಿದ ದಿನದಿಂದ ದಾಖಲೆಯ ಹಕ್ಕು ಮಗನದು, ತಂದೆತಾಯಿಯದಲ್ಲ. ಜೀವಕ್ಕೆ ಅಪಾಯವಿದ್ದಾಗ ತಿಳಿಸಬಹುದು. 21 ತುಂಬದ ವಿದ್ಯಾರ್ಥಿ ಮದ್ಯದ ನಿಯಮ ಮುರಿದರೆ ತಿಳಿಸಬಹುದು ಎಂದು 1998ರಲ್ಲಿ ತಿದ್ದುಪಡಿಯಾಯಿತು. ತೆರಿಗೆ ಲೆಕ್ಕದಲ್ಲಿ ಮಗ ಅವಲಂಬಿತನಾಗಿದ್ದರೂ ತಿಳಿಸಬಹುದು. ಈ ಮೂರರಲ್ಲೂ "ತಿಳಿಸಬಹುದು" ಎಂದಷ್ಟೇ ಇದೆ, "ತಿಳಿಸಲೇಬೇಕು" ಎಂದಿಲ್ಲ. ಆ ಎರಡು ಪದಗಳ ನಡುವೆ ಏನು ಹೇಳಬೇಕು, ಅಳುತ್ತಿರುವ ತಾಯಿಯ ಜೊತೆ ಯಾವ ದನಿಯಲ್ಲಿ ಮಾತಾಡಬೇಕು ಎಂಬುದನ್ನು ಯಾವ ಕಾನೂನು ಪುಸ್ತಕವೂ ಬರೆದುಕೊಡುವುದಿಲ್ಲ.

ಇದು ಸ್ಟೂಡೆಂಟ್ ಅಫೇರ್ಸ್‌ನ ಒಂದು ಮೂಲೆ. ಹಾಸ್ಟೆಲ್, ಹೊಸಬರ ಓರಿಯೆಂಟೇಶನ್, ಶಿಸ್ತು ವಿಚಾರಣೆ, ವಿದ್ಯಾರ್ಥಿ ಸಂಘಗಳು, ವೃತ್ತಿ ಮಾರ್ಗದರ್ಶನ, ಅಂಗವಿಕಲ ವಿದ್ಯಾರ್ಥಿಗಳ ಸೌಲಭ್ಯ, ಅಕಾಡೆಮಿಕ್ ಅಡ್ವೈಸಿಂಗ್, ಕ್ಯಾಂಪಸ್ಸಿನಲ್ಲಿ ಹೊಟ್ಟೆಗಿಲ್ಲದವರಿಗೆ ದಿನಸಿ ಕೊಡುವ ಕೇಂದ್ರ, ಇವೆಲ್ಲ ಇದರೊಳಗೆ ಬರುತ್ತವೆ. ತರಗತಿಯ ಹೊರಗಿನ ಕಾಲೇಜು ಪೂರ್ತಿ ಇವರ ಕೈಯಲ್ಲಿ.

ಅಲ್ಲಿ ಇದೊಂದು ಪ್ರತ್ಯೇಕ ವೃತ್ತಿಯಾದದ್ದಕ್ಕೆ ಕಾರಣವಿದೆ. 19ನೇ ಶತಮಾನದ ಕೊನೆಯಲ್ಲಿ ಪ್ರಾಧ್ಯಾಪಕರು ಸಂಶೋಧನೆಯತ್ತ ಹೊರಳಿದರು, ವಿದ್ಯಾರ್ಥಿಗಳನ್ನು ನೋಡಿಕೊಳ್ಳುವವರು ಬೇಕಾದರು. ಡೀನ್ ಆಫ್ ಮೆನ್, ಡೀನ್ ಆಫ್ ವಿಮೆನ್ ಹುದ್ದೆಗಳು ಹುಟ್ಟಿದ್ದು ಹಾಗೆ. ಈ ವೃತ್ತಿಯವರ ಎರಡು ದೊಡ್ಡ ಸಂಘಗಳಲ್ಲಿ ಈಗಿನ ನ್ಯಾಸ್ಪಾ 1919ರಲ್ಲಿ ಪುರುಷ ವಿದ್ಯಾರ್ಥಿಗಳ ಡೀನ್‌ಗಳ ಸಭೆಯಾಗಿ ಆರಂಭವಾಯಿತು, ಅಕ್ಪಾ 1924ರದು. 1937ರಲ್ಲಿ ಅಮೆರಿಕನ್ ಕೌನ್ಸಿಲ್ ಆನ್ ಎಜುಕೇಶನ್ ಒಂದು ಹೇಳಿಕೆ ಹೊರಡಿಸಿತು. ವಿದ್ಯಾರ್ಥಿಯನ್ನು ಬರಿಯ ಬುದ್ಧಿಯಾಗಿ ಕಾಣದೆ ಇಡೀ ವ್ಯಕ್ತಿಯಾಗಿ ಕಾಣಬೇಕು ಎಂಬುದು ಅದರ ಸಾರ. ಇಂದಿಗೂ ಮೊದಲ ಸೆಮಿಸ್ಟರಿನಲ್ಲಿ ಎಲ್ಲರೂ ಅದನ್ನು ಓದುತ್ತಾರೆ.

ನಮ್ಮವರು ಗಮನಿಸಬೇಕಾದ ತಿರುವು ಮಾತ್ರ 1961ರದು. ಅಲಬಾಮ ಸ್ಟೇಟ್ ಕಾಲೇಜಿನ ಕಪ್ಪು ವಿದ್ಯಾರ್ಥಿಗಳು 1960ರಲ್ಲಿ ಮಾಂಟ್ಗೊಮರಿಯ ಕೋರ್ಟ್ ಕಟ್ಟಡದ ಉಪಾಹಾರ ಗೃಹದಲ್ಲಿ ತಮಗೂ ಊಟ ಕೊಡಿ ಎಂದು ಕೂತರು. ಕಾಲೇಜು ವಿಚಾರಣೆಯೇ ಇಲ್ಲದೆ ಕೆಲವರನ್ನು ಹೊರಹಾಕಿತು. ಅವರು ಹೂಡಿದ ಡಿಕ್ಸನ್ ಮೊಕದ್ದಮೆಯಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯವು ಸರ್ಕಾರಿ ಕಾಲೇಜು ಹೊರಹಾಕುವ ಮುನ್ನ ಆರೋಪವನ್ನು ತಿಳಿಸಬೇಕು, ಮಾತಾಡಲು ಅವಕಾಶ ಕೊಡಬೇಕು ಎಂದಿತು. ಕಾಲೇಜೇ ತಂದೆತಾಯಿಯ ಜಾಗದಲ್ಲಿದೆ ಎಂಬ ಹಳೆಯ ವಾದ ಅಲ್ಲಿಂದ ಸಡಿಲವಾಯಿತು. ಶಿಸ್ತು ವಿಚಾರಣೆ ನಡೆಸಲು ತರಬೇತಾದ ಜನ ಬೇಕಾದದ್ದರ ಹಿಂದೆ ಈ ತೀರ್ಪಿದೆ.

ಈಗ ಓದಿನ ವಿಷಯ. ಸ್ನಾತಕೋತ್ತರ ಪದವಿಗೆ ಎರಡು ವರ್ಷ, ಸಾಮಾನ್ಯವಾಗಿ 36ರಿಂದ 48 ಕ್ರೆಡಿಟ್. ಹೆಸರು ಒಂದೊಂದು ಕಡೆ ಒಂದೊಂದು. ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿ ಕಾಲೇಜ್ ಸ್ಟೂಡೆಂಟ್ ಅಫೇರ್ಸ್ ಅಡ್ಮಿನಿಸ್ಟ್ರೇಶನ್, ಇಂಡಿಯಾನದಲ್ಲಿ ಹೈಯರ್ ಎಜುಕೇಶನ್ ಅಂಡ್ ಸ್ಟೂಡೆಂಟ್ ಅಫೇರ್ಸ್. ಒಹಾಯೋದ ಬೌಲಿಂಗ್ ಗ್ರೀನ್, ಮಿಶಿಗನ್ ಸ್ಟೇಟ್ ಮುಂತಾದವೂ ಈ ಓದಿಗೆ ಹೆಸರಾದವು. ಹೆಸರಿಗಿಂತ ಪಠ್ಯ ನೋಡಿ. ಸಿಎಎಸ್ ಎಂಬ ಮಾನದಂಡ ಮಂಡಳಿ 300 ಗಂಟೆಗಳ ಮೇಲ್ವಿಚಾರಣೆಯ ಪ್ರಾಕ್ಟಿಕಮ್ (ಕಚೇರಿಯಲ್ಲಿ ಮಾಡುವ ಪ್ರಾಯೋಗಿಕ ತರಬೇತಿ) ಕನಿಷ್ಠ ಎರಡು ಬೇರೆ ಬೇರೆ ಕಡೆ ಆಗಬೇಕು ಎನ್ನುತ್ತದೆ. ಅದಿಲ್ಲದ ಕೋರ್ಸು ಉನ್ನತ ಶಿಕ್ಷಣದ ನೀತಿಯನ್ನು ಕಲಿಸುವ ಒಳ್ಳೆಯ ಕೋರ್ಸಾಗಿರಬಹುದು, ಆದರೆ ಈ ವೃತ್ತಿಗೆ ಸಾಲದು. ಅಕ್ಪಾ ಮತ್ತು ನ್ಯಾಸ್ಪಾ ಕೂಡಿ 2015ರಲ್ಲಿ ಪರಿಷ್ಕರಿಸಿದ ಹತ್ತು ಸಾಮರ್ಥ್ಯ ಕ್ಷೇತ್ರಗಳ ಪಟ್ಟಿಯನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಕಾನೂನು, ಅಸೆಸ್‌ಮೆಂಟ್, ಸಲಹೆ ನೀಡುವುದು, ತಂತ್ರಜ್ಞಾನ ಎಲ್ಲ ಅದರಲ್ಲಿವೆ. ಯಾವ ವಿಷಯಕ್ಕೆ ಆ ಕೋರ್ಸಿನಲ್ಲಿ ಪತ್ರಿಕೆಯೇ ಇಲ್ಲವೋ ಕಂಡುಬಿಡುತ್ತದೆ.

ಕೋರ್ಸಿನ ಹೃದಯ ವಿದ್ಯಾರ್ಥಿ ವಿಕಾಸ ಸಿದ್ಧಾಂತ. ಬಹಳ ಜನ ಇದನ್ನು ಬಾಯಿಪಾಠ ಮಾಡಿ ಹಾಳುಮಾಡಿಕೊಳ್ಳುತ್ತಾರೆ. ಆರ್ಥರ್ ಚಿಕರಿಂಗ್ 1969ರಲ್ಲಿ ವಿದ್ಯಾರ್ಥಿಯ ಬೆಳವಣಿಗೆಗೆ ಏಳು ದಿಕ್ಕುಗಳನ್ನು ಹೇಳಿದರು. ದಿಕ್ಕು ಎಂದರೆ ಮೆಟ್ಟಿಲಲ್ಲ. "ಈ ಹುಡುಗಿ ಮೂರನೆಯದರಲ್ಲಿದ್ದಾಳೆ" ಎಂದು ಚೀಟಿ ಅಂಟಿಸಲು ಅವು ಹುಟ್ಟಿದ್ದಲ್ಲ. ಆ ಏಳರಲ್ಲಿ ಒಂದು ಸ್ವಾವಲಂಬನೆ. 1993ರ ಪರಿಷ್ಕರಣೆಯಲ್ಲಿ ಚಿಕರಿಂಗ್ ಮತ್ತು ಲಿಂಡಾ ರೈಸರ್ ಅದನ್ನು ಸ್ವಾವಲಂಬನೆಯ ಮೂಲಕ ಪರಸ್ಪರಾವಲಂಬನೆಯತ್ತ ಎಂದು ತಿದ್ದಿದರು. ಮನೆಯವರನ್ನು ಕೇಳದೆ ವಿಷಯ ಆರಿಸಿಕೊಳ್ಳದ ಭಾರತೀಯ ವಿದ್ಯಾರ್ಥಿಯನ್ನು "ಇನ್ನೂ ಬೆಳೆದಿಲ್ಲ" ಎಂದು ನೋಡುವುದಕ್ಕೂ, ಬೇರೆ ಬಗೆಯಲ್ಲಿ ಬೆಳೆಯುತ್ತಿದ್ದಾನೆ ಎಂದು ನೋಡುವುದಕ್ಕೂ ನಡುವಿನ ಅಂತರ ಆ ಒಂದು ತಿದ್ದುಪಡಿಯಲ್ಲಿದೆ. ವಿದ್ಯಾರ್ಥಿಯ ಯೋಚನಾಕ್ರಮ ಹೇಗೆ ಬೆಳೆಯುತ್ತದೆ ಎನ್ನುವ ವಿಲಿಯಂ ಪೆರಿಯ ಸಿದ್ಧಾಂತ ಬಹುಪಾಲು ಹಾರ್ವರ್ಡಿನ ಗಂಡು ವಿದ್ಯಾರ್ಥಿಗಳ ಸಂದರ್ಶನದಿಂದ ಬಂದದ್ದು. ಯಾರನ್ನು ಮಾತಾಡಿಸಿ ಕಟ್ಟಿದ ಸಿದ್ಧಾಂತ ಇದು ಎಂದು ಪ್ರತಿ ಸಲ ಕೇಳಿ. ತರಗತಿಯಲ್ಲಿ ನೀವು ಕೊಡಬಹುದಾದ ದೊಡ್ಡ ಕಾಣಿಕೆ ಅದೇ.

ಕೈಗೆ ಬೇಗ ಒದಗುವುದು ನ್ಯಾನ್ಸಿ ಶ್ಲಾಸ್‌ಬರ್ಗ್ ಅವರ ಸಂಕ್ರಮಣ ಸಿದ್ಧಾಂತ, ಅಂದರೆ ಬದುಕಿನ ಬದಲಾವಣೆಯೊಂದನ್ನು ಜನ ಹೇಗೆ ದಾಟುತ್ತಾರೆ ಎಂಬುದು. ಹಾಸನದಿಂದ ಆಗಸ್ಟಿನಲ್ಲಿ ಒಹಾಯೋಗೆ ಬಂದ ಹುಡುಗಿ ಅಕ್ಟೋಬರಿನಲ್ಲಿ ತರಗತಿಗೆ ಹೋಗುವುದನ್ನು ಬಿಟ್ಟಿದ್ದಾಳೆ ಎಂದುಕೊಳ್ಳಿ. ನಾಲ್ಕು ಬಗೆಯ ಪ್ರಶ್ನೆ ಕೇಳಬೇಕು. ಪರಿಸ್ಥಿತಿ: ಏನು ಬದಲಾಯಿತು, ಯಾವಾಗ, ಅದು ಅವಳ ಆಯ್ಕೆಯೇ? ತಾನು: ಇಂಥದ್ದನ್ನು ಅವಳು ಹಿಂದೆ ದಾಟಿದ್ದಾಳೆಯೇ? ಆಸರೆ: ಈ ವಾರ ಯಾರ ಜೊತೆ ಕೂತು ಉಂಡಳು? ಉಪಾಯ: ಈವರೆಗೆ ಏನೇನು ಮಾಡಿ ನೋಡಿದ್ದಾಳೆ? ಉಂಡದ್ದು ಯಾರ ಜೊತೆ ಎಂಬ ಪ್ರಶ್ನೆಗೆ ಉತ್ತರ ಬರದಿದ್ದರೆ ಸಮಯ ನಿರ್ವಹಣೆಯ ಕಾರ್ಯಾಗಾರಕ್ಕೆ ಅವಳನ್ನು ಕಳಿಸಿ ಏನೂ ಪ್ರಯೋಜನವಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ನಮ್ಮ ಖಚಿತ ಅಭಿಪ್ರಾಯ ಇದು. ಈ ಪದವಿಯ ಅರ್ಧಕ್ಕಿಂತ ಹೆಚ್ಚು ಭಾಗ ಅಸಿಸ್ಟೆಂಟ್‌ಶಿಪ್‌ನಲ್ಲಿದೆ. ವಾರಕ್ಕೆ 20 ಗಂಟೆ ಕ್ಯಾಂಪಸ್ಸಿನ ಒಂದು ಕಚೇರಿಯಲ್ಲಿ ಕೆಲಸ, ಬದಲಿಗೆ ಟ್ಯೂಷನ್ ಫೀ ಪೂರ್ತಿ ಅಥವಾ ಭಾಗಶಃ ಮನ್ನಾ ಮತ್ತು ಸ್ಟೈಪೆಂಡ್. ಹಾಸ್ಟೆಲಿನ ಕೆಲಸವಾದರೆ ಮನೆ, ಕೆಲವೊಮ್ಮೆ ಊಟ. ಎರಡು ವರ್ಷದ ನಂತರ ನಿಮ್ಮನ್ನು ಕೆಲಸಕ್ಕೆ ತೆಗೆದುಕೊಳ್ಳುವವರು ಕೇಳುವುದು ಅಲ್ಲಿ ಏನು ಮಾಡಿದಿರಿ ಎಂದು. ರ‍್ಯಾಂಕಿಂಗ್ ಪಟ್ಟಿ ಹಿಡಿದು ಅರ್ಜಿ ಹಾಕುವವರು ದೊಡ್ಡ ಹೆಸರಿನ ವಿಶ್ವವಿದ್ಯಾಲಯಕ್ಕೆ ಸಾಲ ಮಾಡಿ ಹೋಗುತ್ತಾರೆ, ಫೋಟೊಕಾಪಿ ತೆಗೆಯುವ ಗಂಟೆಗೂಲಿ ಕೆಲಸ ಮಾಡಿ ಹೊರಬರುತ್ತಾರೆ. ಸಣ್ಣ ಊರಿನ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ 300 ಮಕ್ಕಳ ಹಾಸ್ಟೆಲ್ ನಡೆಸಿ, 10 ಆರ್‌ಎಗಳಿಗೆ ಮೇಲ್ವಿಚಾರಕರಾಗಿದ್ದವರ ಮುಂದೆ ಅವರು ನಿಲ್ಲಲಾರರು.

ಸಂದರ್ಶನದಲ್ಲಿ ಅವರು ನಿಮ್ಮನ್ನು ಕೇಳುವಷ್ಟೇ ನೀವೂ ಕೇಳಬೇಕು. ಮೇಲಿನವರ ಜೊತೆ ವಾರಕ್ಕೊಮ್ಮೆ ಒಂದು ಗಂಟೆ ಕೂರುವುದು ಖಾಯಂ ಇದೆಯೇ? ಬಜೆಟ್ ನನ್ನ ಕೈಗೆ ಬರುತ್ತದೆಯೇ, ಎಷ್ಟು? ಶಿಸ್ತು ವಿಚಾರಣೆಗಳನ್ನು ನಾನೇ ನಡೆಸುತ್ತೇನೆಯೇ, ಪಕ್ಕದಲ್ಲಿ ಕೂತು ನೋಡುವುದಷ್ಟೆಯೇ? ಎರಡನೇ ವರ್ಷಕ್ಕೆ ಅಸಿಸ್ಟೆಂಟ್‌ಶಿಪ್ ಗ್ಯಾರಂಟಿಯೇ? ಕರಾರು 9 ತಿಂಗಳದೋ 12 ತಿಂಗಳದೋ? ಎಲ್ಲಕ್ಕಿಂತ ಮುಖ್ಯವಾಗಿ, ರಾತ್ರಿ ಡ್ಯೂಟಿ ಫೋನ್ ಹಿಡಿದ ಗಂಟೆಗಳನ್ನು 20 ಗಂಟೆಯೊಳಗೆ ಹೇಗೆ ಲೆಕ್ಕ ಹಾಕುತ್ತೀರಿ? ಅಮೆರಿಕದ ಸಹಪಾಠಿಗೆ 26 ಗಂಟೆ ಕೆಲಸವೆಂದರೆ ದಣಿವು. ಎಫ್-1 ವಿದ್ಯಾರ್ಥಿ ವೀಸಾದವರಿಗೆ ತರಗತಿ ನಡೆಯುವ ಅವಧಿಯಲ್ಲಿ ಕ್ಯಾಂಪಸ್ ಕೆಲಸ 20 ಗಂಟೆ ಮೀರಿದರೆ ಅದು ವೀಸಾ ನಿಯಮದ ಉಲ್ಲಂಘನೆ. ಕ್ಯಾಂಪಸ್ಸಿನ ಬೇರೆ ಕಚೇರಿಯಲ್ಲಿ ಸಂಬಳದ ಪ್ರಾಕ್ಟಿಕಮ್ ಸಿಕ್ಕರೆ ಆ ಗಂಟೆಗಳೂ ಸಾಮಾನ್ಯವಾಗಿ ಈ 20ರೊಳಗೇ ಸೇರುತ್ತವೆ. "ಈ ವಾರ ಸ್ವಲ್ಪ ಹೆಚ್ಚು ಬಾ" ಎನ್ನುವ ಒಳ್ಳೆಯ ಮೇಲಧಿಕಾರಿಗೆ ಈ ನಿಯಮ ಗೊತ್ತಿರುವುದೇ ಇಲ್ಲ. ಹೇಳಬೇಕಾದವರು ನೀವು, ಅದೂ ಮೊದಲ ವಾರದಲ್ಲೇ.

ಹಣದ ಲೆಕ್ಕದಲ್ಲಿ ಮನ್ನಾ ಎಂಬ ಪದಕ್ಕೆ ಮೋಸಹೋಗಬೇಡಿ. ಟ್ಯೂಷನ್ ಮನ್ನಾ ಆದರೂ ವಿದ್ಯಾರ್ಥಿ ಶುಲ್ಕಗಳು, ಆರೋಗ್ಯ ವಿಮೆ, ಬೇಸಿಗೆಯ ಮೂರು ತಿಂಗಳ ಖರ್ಚು ಸಾಮಾನ್ಯವಾಗಿ ನಿಮ್ಮದೇ. ಬೇಸಿಗೆಯಲ್ಲಿ ಹಾಸ್ಟೆಲ್ ಮನೆ ಬಿಡಬೇಕೇ ಎಂದೂ ಕೇಳಿ. ಇನ್ನೊಂದು ಮುಳ್ಳನ್ನು ಯಾರೂ ಮುಂಚೆ ಹೇಳುವುದಿಲ್ಲ. ಪಾಠ ಅಥವಾ ಸಂಶೋಧನೆ ಮಾಡುವ ಅಸಿಸ್ಟೆಂಟ್‌ಗಳ ಟ್ಯೂಷನ್ ಮನ್ನಾಕ್ಕೆ ಅಮೆರಿಕದ ತೆರಿಗೆ ಕಾನೂನಿನಲ್ಲಿ ವಿನಾಯಿತಿ ಇದೆ. ಆಡಳಿತ ಕಚೇರಿಯ ಅಸಿಸ್ಟೆಂಟ್‌ಗಳಿಗೆ ಆ ವಿನಾಯಿತಿ ಇಲ್ಲ. ಅವರಿಗೆ ಸಿಗಬಹುದಾದದ್ದು ಬೇರೊಂದು ಕಲಮಿನಡಿ ವರ್ಷಕ್ಕೆ 5,250 ಡಾಲರ್ ತನಕ. ಹೊರರಾಜ್ಯದ ದರದಲ್ಲಿ ಟ್ಯೂಷನ್ ಲೆಕ್ಕ ಹಾಕುವ ಕಡೆ ಉಳಿದ ಮೊತ್ತವನ್ನು ಆದಾಯವೆಂದು ಪರಿಗಣಿಸಿ ಸ್ಟೈಪೆಂಡಿನಿಂದಲೇ ತೆರಿಗೆ ಹಿಡಿಯುತ್ತಾರೆ. ಸೆಮಿಸ್ಟರಿನ ನಡುವೆ ಕೈಗೆ ಬರುವ ಹಣ ಇದ್ದಕ್ಕಿದ್ದಂತೆ ಇಳಿದು ಗಾಬರಿಯಾಗುವುದು ಇದರಿಂದ. ಆಫರ್ ಪತ್ರ ಬಂದಾಗಲೇ ಪೇರೋಲ್ ಕಚೇರಿಗೆ ಬರೆದು ಕೇಳಿ. ಅದೇ ಹೊತ್ತಿಗೆ ಭಾರತೀಯ ವಿದ್ಯಾರ್ಥಿಗಳಿಗೆ ಒಂದು ಅನುಕೂಲವೂ ಇದೆ: ಭಾರತ-ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿಯಂತೆ ರಿಟರ್ನ್ ಸಲ್ಲಿಸುವಾಗ ಸ್ಟ್ಯಾಂಡರ್ಡ್ ಡಿಡಕ್ಷನ್ ಪಡೆಯಬಹುದು. ಬೇರೆ ಬಹುತೇಕ ದೇಶಗಳ ವಿದ್ಯಾರ್ಥಿಗಳಿಗೆ ಅದಿಲ್ಲ.

ಅರ್ಜಿಯ ಕಾಲ ಹೀಗಿದೆ. ಆಗಸ್ಟಿನಲ್ಲಿ ತರಗತಿ ಶುರುವಾಗುವುದಕ್ಕೆ ಹಿಂದಿನ ಡಿಸೆಂಬರ್, ಜನವರಿಯಲ್ಲಿ ಅರ್ಜಿ ಮುಗಿಯುತ್ತದೆ. ಫೆಬ್ರವರಿ, ಮಾರ್ಚಿನಲ್ಲಿ ಸಂದರ್ಶನ. ಕೋರ್ಸಿನ ಪ್ರವೇಶ ಮತ್ತು ಅಸಿಸ್ಟೆಂಟ್‌ಶಿಪ್ ಅನೇಕ ಕಡೆ ಎರಡು ಬೇರೆ ನಿರ್ಧಾರಗಳು. ಪ್ರವೇಶ ಸಿಕ್ಕಿತೆಂದು ಸಂಭ್ರಮಿಸಿ ಅಸಿಸ್ಟೆಂಟ್‌ಶಿಪ್ ಅರ್ಜಿಯನ್ನೇ ಹಾಕದವರಿದ್ದಾರೆ. ಕೌನ್ಸಿಲ್ ಆಫ್ ಗ್ರ್ಯಾಜುಯೇಟ್ ಸ್ಕೂಲ್ಸ್‌ನ ಒಪ್ಪಂದಕ್ಕೆ ಸಹಿ ಹಾಕಿದ ವಿಶ್ವವಿದ್ಯಾಲಯಗಳು ಆ ಒಪ್ಪಂದದಡಿ ಬರುವ ಧನಸಹಾಯದ ಆಫರ್‌ಗೆ ಏಪ್ರಿಲ್ 15ಕ್ಕೆ ಮುಂಚೆ ಉತ್ತರಿಸಲೇಬೇಕೆಂದು ಒತ್ತಾಯಿಸುವಂತಿಲ್ಲ. ಮೂರು ದಿನದಲ್ಲಿ ಹೇಳಿ ಎಂದು ಇಮೇಲ್ ಬಂದರೆ, ಈ ಆಫರ್ ಆ ಒಪ್ಪಂದದಡಿ ಬರುತ್ತದೆಯೇ ಎಂದು ವಿನಯವಾಗಿ ಕೇಳಿ.

ಕರ್ನಾಟಕದವರಿಗೆ ಇನ್ನೊಂದು ತೊಡಕು. ರಾಜ್ಯದಲ್ಲಿ 2021-22ರಲ್ಲಿ ಬಂದ ನಾಲ್ಕು ವರ್ಷದ ಪದವಿ ಪದ್ಧತಿ 2024-25ರಿಂದ ಮತ್ತೆ ಮೂರು ವರ್ಷಕ್ಕೆ ಮರಳಿತು. ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳು ಮೂರು ವರ್ಷದ ಪದವಿಯನ್ನು ಒಪ್ಪುತ್ತವೆ, ಕೆಲವು ಅದರ ಮೇಲೊಂದು ಸ್ನಾತಕೋತ್ತರ ಪದವಿ ಕೇಳುತ್ತವೆ, ಕೆಲವು ಹೊರಗಿನ ಸಂಸ್ಥೆಯ ಮೌಲ್ಯಮಾಪನ ಕೇಳುತ್ತವೆ. ಅರ್ಜಿ ಶುಲ್ಕ ಕಟ್ಟುವ ಮೊದಲು ಗ್ರ್ಯಾಜುಯೇಟ್ ಸ್ಕೂಲಿಗೆ ಇಮೇಲ್ ಮಾಡಿ ಲಿಖಿತ ಉತ್ತರ ಪಡೆಯಿರಿ. ವಿಭಾಗದ ಪ್ರಾಧ್ಯಾಪಕರು ಪರವಾಗಿಲ್ಲ ಅಂದರೆ ಸಾಲದು.

ಉದ್ದೇಶ ಪತ್ರದಲ್ಲಿ "ವಿದ್ಯಾರ್ಥಿಗಳಿಗೆ ಸಹಾಯ ಮಾಡುವುದೆಂದರೆ ಇಷ್ಟ" ಎಂಬ ವಾಕ್ಯ ಎಲ್ಲರದ್ದರಲ್ಲೂ ಇರುತ್ತದೆ. ನಿಮ್ಮ ಕಾಲೇಜಿನ ಎನ್ನೆಸ್ಸೆಸ್ ಶಿಬಿರದಲ್ಲಿ 50 ಜನರಿಗೆ ಏಳು ದಿನ ಊಟದ ವ್ಯವಸ್ಥೆ ನೋಡಿಕೊಂಡಿದ್ದರೆ ಅದನ್ನು ಬರೆಯಿರಿ. ಮೂರನೇ ದಿನ ಅಡುಗೆಯವರು ಕೈಕೊಟ್ಟಾಗ ಏನು ಮಾಡಿದಿರಿ, ಶಿಬಿರಕ್ಕೆ ಬಂದ ಹೆಣ್ಣುಮಕ್ಕಳ ಮನೆಯವರನ್ನು ಹೇಗೆ ಒಪ್ಪಿಸಿದಿರಿ ಎಂದು ಬರೆಯಿರಿ. ಅಲ್ಲಿನ ಓದುಗರಿಗೆ ಎನ್ನೆಸ್ಸೆಸ್ ಗೊತ್ತಿಲ್ಲ, ಒಂದು ವಾಕ್ಯದಲ್ಲಿ ವಿವರಿಸಿದರೆ ಸಾಕು. ಅವರು ಹುಡುಕುವುದು ಜವಾಬ್ದಾರಿ ಹೊತ್ತ ಹೆಗಲನ್ನು.

ಕೆಲಸ ಹುಡುಕುವ ಹಂತದ ನಿಯಮಗಳನ್ನು ಹೊರಡುವ ಮುನ್ನವೇ ತಿಳಿದಿರಬೇಕು. ಓದು ಮುಗಿದ ಮೇಲೆ ಒಪಿಟಿ, ಅಂದರೆ ವಿದ್ಯಾರ್ಥಿ ವೀಸಾದಲ್ಲೇ ಕೆಲಸ ಮಾಡುವ ಅನುಮತಿಯ ಅಡಿಯಲ್ಲಿ 12 ತಿಂಗಳು ಕೆಲಸ ಮಾಡಬಹುದು. ಇಂಜಿನಿಯರಿಂಗ್‌ನವರಿಗೆ ಸಿಗುವ 24 ತಿಂಗಳ ವಿಸ್ತರಣೆ ಈ ಪದವಿಗೆ ಸಿಗುವುದಿಲ್ಲ. ಆ 12 ತಿಂಗಳಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ನಿರುದ್ಯೋಗಿಯಾಗಿರುವಂತಿಲ್ಲ. ಇಲ್ಲಿ ಕ್ಯಾಲೆಂಡರ್ ಬಿಡಿಸಿ ನೋಡಿ. ಪದವಿ ಮುಗಿಯುವುದು ಮೇ ಎರಡನೇ ವಾರ. ಹಾಸ್ಟೆಲ್ ಹುದ್ದೆಗಳು ಶುರುವಾಗುವುದು ಹೆಚ್ಚಾಗಿ ಜುಲೈ ಅಥವಾ ಆಗಸ್ಟಿನಲ್ಲಿ. ಒಪಿಟಿ ಮೇ 10ಕ್ಕೆ ಶುರುವಾಗಲಿ ಎಂದು ಅರ್ಜಿಯಲ್ಲಿ ಬರೆದು, ಕೆಲಸ ಆಗಸ್ಟ್ 1ಕ್ಕೆ ಸಿಕ್ಕರೆ 83 ದಿನ ಆಗಲೇ ಕರಗಿರುತ್ತದೆ. ಆರಂಭದ ದಿನವನ್ನು ಕೋರ್ಸ್ ಮುಗಿದ 60 ದಿನದೊಳಗೆ ಯಾವುದಕ್ಕಾದರೂ ಇಡಬಹುದು. ಜುಲೈ ಮೊದಲ ವಾರಕ್ಕೆ ಇಟ್ಟರೆ ಆ ದಿನಗಳಲ್ಲಿ ಹೆಚ್ಚಿನವು ಉಳಿಯುತ್ತವೆ. ಅರ್ಜಿಯನ್ನು ಮಾತ್ರ ಕೋರ್ಸ್ ಮುಗಿಯುವ 90 ದಿನ ಮುಂಚೆಯೇ, ಅಂದರೆ ಫೆಬ್ರವರಿಯಲ್ಲೇ ಹಾಕಬಹುದು, ಹಾಕಿಬಿಡಿ. ಮೊದಲ ಬೇಸಿಗೆಯಲ್ಲಿ ಬೇರೆ ವಿಶ್ವವಿದ್ಯಾಲಯದಲ್ಲಿ ಓರಿಯೆಂಟೇಶನ್ ಅಥವಾ ಹಾಸ್ಟೆಲ್ ಇಂಟರ್ನ್‌ಶಿಪ್ ಮಾಡುವವರು ಸಿಪಿಟಿ ಅನುಮತಿ (ಓದಿನ ಭಾಗವಾಗಿ ಹೊರಗೆ ಕೆಲಸ ಮಾಡುವ ಅನುಮತಿ) ಐ-20ಯಲ್ಲಿ, ಅಂದರೆ ವಿಶ್ವವಿದ್ಯಾಲಯ ಕೊಡುವ ವೀಸಾ ಸಂಬಂಧಿ ಪತ್ರದಲ್ಲಿ, ನಮೂದಾಗುವ ತನಕ ಒಂದು ದಿನವೂ ಕೆಲಸಕ್ಕೆ ಇಳಿಯಬಾರದು.

ಒಪಿಟಿಯ ಮುಂದೆ ಎಚ್-1ಬಿ ಉದ್ಯೋಗ ವೀಸಾ. ವಿಶ್ವವಿದ್ಯಾಲಯಗಳು ಲಾಟರಿಯ ಮಿತಿಗೆ ಒಳಪಡುವುದಿಲ್ಲ, ವರ್ಷದ ಯಾವಾಗ ಬೇಕಾದರೂ ಅರ್ಜಿ ಹಾಕಬಹುದು. ಸಾಫ್ಟ್‌ವೇರ್ ಗೆಳೆಯರಿಗೆ ಇಲ್ಲದ ಅನುಕೂಲ ಇದು. ಆದರೆ ಹುದ್ದೆಯ ಜಾಹೀರಾತಿನಲ್ಲಿ "ಯಾವುದೇ ಪದವಿ" ಎಂದಿದ್ದರೆ ಅದನ್ನು ವಿಶೇಷ ಪರಿಣತಿಯ ಹುದ್ದೆ ಎಂದು ಸಾಬೀತು ಮಾಡುವುದು ಕಷ್ಟ. ಸ್ಟೂಡೆಂಟ್ ಅಫೇರ್ಸ್ ಅಥವಾ ಕೌನ್ಸೆಲಿಂಗ್ ಸ್ನಾತಕೋತ್ತರ ಪದವಿ ಕಡ್ಡಾಯ ಎಂದಿರುವ ಹುದ್ದೆಗಳನ್ನೇ ಆರಿಸಿ. 2025ರ ಸೆಪ್ಟೆಂಬರಿನ ಅಧ್ಯಕ್ಷೀಯ ಘೋಷಣೆ ಹೊಸ ಎಚ್-1ಬಿ ಅರ್ಜಿಗೆ 1,00,000 ಡಾಲರ್ ಕಟ್ಟಬೇಕೆಂದಿತು. ದೇಶದೊಳಗಿದ್ದೇ ಎಫ್-1ನಿಂದ ಬದಲಾಯಿಸಿಕೊಳ್ಳುವವರಿಗೆ ಅದು ಅನ್ವಯಿಸುವುದಿಲ್ಲ ಎಂದು ಅಕ್ಟೋಬರಿನಲ್ಲಿ ಸ್ಪಷ್ಟನೆ ಬಂತು. ಹಾಗಾಗಿ ಅರ್ಜಿ ತೀರ್ಮಾನವಾಗುವ ಮುನ್ನ ತಂಗಿಯ ಮದುವೆಗೆಂದು ಊರಿಗೆ ಹೊರಡುವ ಮೊದಲು ವಕೀಲರನ್ನು ಕೇಳಲೇಬೇಕು.

ನಮ್ಮ ಮಕ್ಕಳಲ್ಲಿ ಬಹಳ ಜನ "ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲೇ ಕೆಲಸ ಮಾಡುತ್ತೇನೆ, ನನಗೆ ಅವರ ಕಷ್ಟ ಗೊತ್ತು" ಎಂದು ಹೊರಡುತ್ತಾರೆ. ಆಸೆ ಒಳ್ಳೆಯದೇ. ಆದರೆ ಅಲ್ಲಿ ಐ-20ಗೆ ಸಹಿ ಹಾಕುವ ಡಿಎಸ್‌ಒ ಆಗಲು ಅಮೆರಿಕದ ಪೌರತ್ವ ಅಥವಾ ಗ್ರೀನ್ ಕಾರ್ಡ್ ಇರಬೇಕೆಂಬುದು ಫೆಡರಲ್ ನಿಯಮ. ಆ ಕಚೇರಿಯ ಬಹುಪಾಲು ಸಲಹೆಗಾರ ಹುದ್ದೆಗಳು ಅಲ್ಲಿಗೇ ಮುಚ್ಚಿಕೊಳ್ಳುತ್ತವೆ. ಕಾರ್ಯಕ್ರಮ, ಓರಿಯೆಂಟೇಶನ್ ಕೆಲಸ ಸಿಗಬಹುದು. ಅದೊಂದನ್ನೇ ನಂಬಿ ಎರಡು ವರ್ಷ ಕಳೆಯಬೇಡಿ. ಹಾಸ್ಟೆಲ್, ಶಿಸ್ತು ವಿಭಾಗ, ಅಕಾಡೆಮಿಕ್ ಅಡ್ವೈಸಿಂಗ್ ಇವುಗಳಲ್ಲೊಂದರಲ್ಲಿ ಗಟ್ಟಿ ಅನುಭವ ಇರಲಿ.

ರಾಜ್ಯವನ್ನೂ ನೋಡಿ ಆರಿಸಿ. ಟೆಕ್ಸಸ್‌ನಲ್ಲಿ 2024ರ ಜನವರಿ 1ರಿಂದ ಜಾರಿಯಾದ ಕಾನೂನು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ವೈವಿಧ್ಯ ಮತ್ತು ಒಳಗೊಳ್ಳುವಿಕೆಯ ಕಚೇರಿಗಳನ್ನು ನಿಷೇಧಿಸಿದೆ. ಬೇರೆ ಕೆಲವು ರಾಜ್ಯಗಳಲ್ಲೂ ಇಂಥ ಕಾನೂನುಗಳಿವೆ. ನೀವು ಕೆಲಸ ಮಾಡಬೇಕೆಂದುಕೊಂಡ ಕಚೇರಿ ಆ ಕ್ಯಾಂಪಸ್ಸಿನಲ್ಲಿ ಈಗಲೂ ಇದೆಯೇ, ಯಾವ ಹೆಸರಿನಲ್ಲಿದೆ ಎಂದು ಖಚಿತಪಡಿಸಿಕೊಳ್ಳಿ.

ಇಂಥ ಉಪನ್ಯಾಸದ ಕೊನೆಗೆ ಬಂದೇ ಬರುವ ಪ್ರಶ್ನೆ, ವಾಪಸ್ ಬಂದರೆ ಇಲ್ಲಿ ಇದಕ್ಕೆ ಬೆಲೆ ಇದೆಯೇ ಎಂದು. ನಮ್ಮ ಬಹುತೇಕ ಕಾಲೇಜುಗಳಲ್ಲಿ ವಿದ್ಯಾರ್ಥಿ ಕ್ಷೇಮಪಾಲನೆ ಒಬ್ಬ ಅಧ್ಯಾಪಕರ ಹೆಚ್ಚುವರಿ ಹೊಣೆ. ವಾರಕ್ಕೆ 16 ಗಂಟೆ ಪಾಠ ಮಾಡಿ, ಮೌಲ್ಯಮಾಪನ ಮುಗಿಸಿ, ಉಳಿದ ಹೊತ್ತಿನಲ್ಲಿ ಅವರು ಹಾಸ್ಟೆಲ್ ನೋಡಬೇಕು. ಯುಜಿಸಿಯ 2009ರ ರ‍್ಯಾಗಿಂಗ್ ತಡೆ ನಿಯಮಗಳು ಸಮಿತಿ, ದಳ, ವಿದ್ಯಾರ್ಥಿ ಮತ್ತು ಪೋಷಕರ ಮುಚ್ಚಳಿಕೆ ಎಲ್ಲವನ್ನೂ ಕೇಳುತ್ತವೆ. 2023ರ ಕುಂದುಕೊರತೆ ನಿಯಮಗಳು ದೂರು ವಿಚಾರಿಸುವ ಒಂಬುಡ್ಸ್‌ಪರ್ಸನ್ ಬೇಕೆನ್ನುತ್ತವೆ. ಕಾಗದದಲ್ಲಿ ಎಲ್ಲವೂ ಇದೆ, ಅದನ್ನು ನಡೆಸಲು ಕಲಿತವರಿಲ್ಲ. ಖಾಸಗಿ ವಿಶ್ವವಿದ್ಯಾಲಯಗಳು ಈಚೆಗೆ ಸ್ಟೂಡೆಂಟ್ ಅಫೇರ್ಸ್ ಹೆಸರಿನಲ್ಲೇ ಪೂರ್ಣಾವಧಿ ಹುದ್ದೆಗಳನ್ನು ತೆರೆಯುತ್ತಿವೆ. ಅಲ್ಲಿಗೆ ಅರ್ಜಿ ಹಾಕುವಾಗ ಸಿದ್ಧಾಂತಗಳ ಹೆಸರು ಹೇಳಿದರೆ ಯಾರಿಗೂ ಅರ್ಥವಾಗದು. ರ‍್ಯಾಗಿಂಗ್ ದೂರು ಬಂದ ಮೊದಲ 24 ಗಂಟೆಯಲ್ಲಿ ಯಾರನ್ನು ಯಾವ ಕ್ರಮದಲ್ಲಿ ಮಾತಾಡಿಸಬೇಕು, ದೂರು ಕೊಟ್ಟವನನ್ನು ಅದೇ ರೂಮಿನಲ್ಲಿ ಆ ರಾತ್ರಿ ಮಲಗಿಸದೆ ಎಲ್ಲಿ ಮಲಗಿಸಬೇಕು, ಹೇಳಿಕೆಯನ್ನು ಯಾರ ಮುಂದೆ ಯಾವ ಭಾಷೆಯಲ್ಲಿ ಬರೆಸಿಕೊಳ್ಳಬೇಕು ಎಂಬುದನ್ನು ಒಂದು ಪುಟದಲ್ಲಿ ಬರೆದು ಸಂದರ್ಶನಕ್ಕೆ ಒಯ್ಯಿರಿ.